ಬಟ್ಟಲಲ್ಲಿ ಹಣ್ಣು–ಮೊಸರು, ತಟ್ಟೆಯಲ್ಲಿ ಎಷ್ಟು ಭಾಕರಿ?

ಸಕ್ಕರೆ ಕಾಯಿಲೆ ಇದೆಯೆಂದು ರಿಪೋರ್ಟ್ ಬಂದ ಮನೆಯಲ್ಲಿ ಮೊದಲು ಗಡಿಪಾರಾಗುವುದು ಹಣ್ಣು. ಬಾಳೆಹಣ್ಣು ಹೋಗುತ್ತದೆ, ಮಾವು ಹೋಗುತ್ತದೆ, ದೇವರ ಮುಂದಿಟ್ಟ ಸೀತಾಫಲ ಮೊಮ್ಮಕ್ಕಳ ಪಾಲಾಗುತ್ತದೆ. ಚಹಾದ ಸಕ್ಕರೆ ಎರಡು ಚಮಚದಿಂದ ಒಂದಕ್ಕೆ ಇಳಿಯುತ್ತದೆ, ಅಷ್ಟೆ. ದಿನಕ್ಕೆ ಎಷ್ಟು ಸಲ ಚಹಾ ಎಂದು ಯಾರೂ ಕೇಳುವುದಿಲ್ಲ. ರೊಟ್ಟಿ, ಚಪಾತಿ, ಅನ್ನದ ಪ್ರಮಾಣವಂತೂ ಇದ್ದ ಹಾಗೆಯೇ ಇರುತ್ತದೆ. ಹಣ್ಣು ಸಿಹಿ, ಹಾಗಾಗಿ ಅದೇ ಅಪರಾಧಿ. ರೊಟ್ಟಿ ಸಪ್ಪೆ, ಹಾಗಾಗಿ ನಿರ್ದೋಷಿ. ನಾಲಿಗೆ ಕೊಡುವ ಈ ತೀರ್ಪನ್ನು ರಕ್ತ ಒಪ್ಪುವುದಿಲ್ಲ.

ಈ ಮಾತು ಎತ್ತಲು ಪುಣೆ ಜಿಲ್ಲೆಯ ಶಿರೂರಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಉಡುಪಿಯದೋ ಬಾಗಲಕೋಟೆಯದೋ ಅಂಕೋಲೆಯದೋ ಶಿರೂರಲ್ಲ. ಇದು ಘೋಡ್ ನದಿಯ ದಂಡೆಯ ಶಿರೂರು, ಸುತ್ತಲಿನವರ ಬಾಯಲ್ಲಿ ಘೋಡನದಿ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಮೊನ್ನೆ ಮೊನ್ನೆಯವರೆಗಿನ ಅಹಮದ್‌ನಗರಕ್ಕೆ, ಹೋಗುವ ಹೆದ್ದಾರಿ ಇದರ ಮೂಲಕವೇ ಹಾಯುತ್ತದೆ. ತಾಲ್ಲೂಕಿನೊಳಗೇ ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ರಾಂಜಣಗಾಂವ ಇದೆ. ಅದರ ಮಗ್ಗುಲಲ್ಲೇ ಎಂಐಡಿಸಿ ಕಾರ್ಖಾನೆಗಳ ಸಾಲು. ಮಳೆಗಾಲ ಮುಗಿಯುವ ಹೊತ್ತಿಗೆ ಈ ಜಿಲ್ಲೆಯ ಸಂತೆಗಳಲ್ಲಿ ಪುರಂದರ ಸೀಮೆಯ ಸೀತಾಫಲ, ಭಗವಾ ದಾಳಿಂಬೆ, ಪೇರಲ ರಾಶಿ ಬೀಳುತ್ತವೆ. ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹೊರಡುತ್ತದೆ. ಹಣ್ಣಿಗೂ ಬರವಿಲ್ಲ, ಮೊಸರಿಗೂ ಬರವಿಲ್ಲ. ಸಕ್ಕರೆ ಕಾಯಿಲೆಗೂ ಇಲ್ಲ.

ಇಲ್ಲಿಂದ ಶುರು ಮಾಡಲು ಇನ್ನೊಂದು ಕಾರಣವಿದೆ. ಭಾರತೀಯರ ಮೈಯಲ್ಲಿ ಸಕ್ಕರೆ ಹೇಗೆ ನಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ಪುಣೆ ಸುತ್ತಲಿನ ಹಳ್ಳಿಗಳಿಂದಲೇ ಬಂದದ್ದು. ಪುಣೆಯ ಕೆಇಎಂ ಆಸ್ಪತ್ರೆಯ ಸಂಶೋಧನಾ ಸಂಸ್ಥೆ ಶಿರೂರು ತಾಲ್ಲೂಕಿನ ವಢೂ ಬುದ್ರುಕ್‌ನಲ್ಲಿ, ಅಂದರೆ ಸಂಭಾಜಿ ಮಹಾರಾಜರ ಸಮಾಧಿಯಿರುವ ಊರಿನಲ್ಲಿ, ಗ್ರಾಮೀಣ ಆರೋಗ್ಯ ಕಾರ್ಯಕ್ರಮ ನಡೆಸುತ್ತ ಬಂದಿದೆ. ಅದೇ ಆಸ್ಪತ್ರೆಯ ಮಧುಮೇಹ ವಿಭಾಗದ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಊಟದ ಅಧ್ಯಯನಕ್ಕೆ ಕೈಹಾಕಿದರು. ಆ ಹೆಣ್ಣುಮಕ್ಕಳ ಸರಾಸರಿ ತೂಕ 42 ಕೆ.ಜಿ. ಆಸುಪಾಸು. ಹುಟ್ಟಿದ ಕೂಸುಗಳು ಸುಮಾರು 2.7 ಕೆ.ಜಿ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳು ಸುಮಾರು 3.5 ಕೆ.ಜಿ. ತೂಗುತ್ತಿದ್ದವು. ನಮ್ಮ ಕೂಸುಗಳು ಸಣ್ಣವು ಎಂಬುದರಲ್ಲಿ ಹೊಸದೇನಿಲ್ಲ. ಹೊಸದಾಗಿದ್ದು ಇದು: ಸ್ನಾಯು, ಹೊಟ್ಟೆಯೊಳಗಿನ ಅಂಗಾಂಗ ಎಲ್ಲವೂ ಸಣ್ಣದಾಗಿದ್ದರೂ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ಕಣ್ಣಿಗೆ ಸಣಕಲು, ಒಳಗೆ ಕೊಬ್ಬು. ಹುಟ್ಟಿನಿಂದಲೇ.

ಇದೇ ಸಂಗತಿಯನ್ನು ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಮೈಯನ್ನೇ ಸಾಕ್ಷಿ ಮಾಡಿ ತೋರಿಸಿದರು. ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಫೋಟೊ ಅದು. ಇಬ್ಬರ ಬಿಎಂಐ 22.3, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿಯನ್ನಷ್ಟೇ ನಂಬುವವರಿಗೆ ಆ ಫೋಟೊ ಒಂದು ಪಾಠ.

ಹಣ್ಣಿನ ಬಟ್ಟಲಿಗೂ ಇದಕ್ಕೂ ನೇರ ಸಂಬಂಧವಿದೆ. ಊಟ ಮಾಡಿದ ಮೇಲೆ ರಕ್ತಕ್ಕೆ ಇಳಿಯುವ ಗ್ಲೂಕೋಸಿನ ದೊಡ್ಡದೊಂದು ಪಾಲು ಹೋಗಿ ಸೇರಬೇಕಾದ ಕಣಜ ಸ್ನಾಯು. ಕಣಜ ಸಣ್ಣದಿದ್ದರೆ ಬಂದ ಮಾಲು ಅಂಗಳದಲ್ಲೇ ಉಳಿಯುತ್ತದೆ. ಹಾಗಾಗಿ ನಮ್ಮಂಥವರಿಗೆ ಎರಡು ವಿಷಯ ಮುಖ್ಯ: ಒಂದೇ ಸಲಕ್ಕೆ ಎಷ್ಟು ಬಂತು, ಎಷ್ಟು ಬೇಗ ಬಂತು. ಯಾವ ಹಣ್ಣು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಪಟ್ಟಿ ಆಮೇಲಿನ ಮಾತು.

‘ಎಷ್ಟು’ ಎಂಬುದನ್ನು ಮೊದಲು ನೋಡೋಣ. 100 ಗ್ರಾಂ ಪೇರಲದಲ್ಲಿ ಕಾರ್ಬೋಹೈಡ್ರೇಟ್ ಸುಮಾರು 14 ಗ್ರಾಂ, ಅದರಲ್ಲಿ 5 ಗ್ರಾಂ ಬರೀ ನಾರು. ಪಪ್ಪಾಯಿಯಲ್ಲಿ 11, ಕಲ್ಲಂಗಡಿಯಲ್ಲಿ 8ರೊಳಗೆ, ದಾಳಿಂಬೆ ಕಾಳಿನಲ್ಲಿ 19, ಬಾಳೆಹಣ್ಣಿನಲ್ಲಿ 23, ಸೀತಾಫಲದ ತಿರುಳಿನಲ್ಲಿ 24ರ ಹತ್ತಿರ. ಈಗ ಪಕ್ಕದ ತಟ್ಟೆಗೆ ಬನ್ನಿ. ಶಿರೂರು ಸೀಮೆಯ ಊಟವೆಂದರೆ ಭಾಕರಿ, ಸಜ್ಜೆಯದು ಇಲ್ಲವೇ ಜೋಳದ್ದು. ನಮ್ಮ ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ದುಡಿಯಲು ಬಂದು ನಿಂತ ಸಂಸಾರಗಳಿಗೆ ಇದೇನೂ ಪರಕೀಯವಲ್ಲ. ರೊಟ್ಟಿ ಬಡಿಯುವ ಸದ್ದು ಎರಡೂ ಕಡೆ ಒಂದೇ. 60 ಗ್ರಾಂ ಹಿಟ್ಟಿನ ಒಂದು ಭಾಕರಿಯಲ್ಲಿ 40 ಗ್ರಾಂ ದಾಟಿದ ಕಾರ್ಬೋಹೈಡ್ರೇಟ್ ಇರುತ್ತದೆ. ಎರಡು ತಿಂದರೆ 80. ಬೆಳಗಿನ ಅವಲಕ್ಕಿ ಒಗ್ಗರಣೆಯಲ್ಲಿ ಒಂದು ತಟ್ಟೆಗೆ 45ರ ಮೇಲೆ. ಎರಡು ಚಮಚ ಸಕ್ಕರೆಯ ನಾಲ್ಕು ಕಪ್ ಚಹಾದಲ್ಲಿ 40. ಇಷ್ಟನ್ನೂ ನಿಶ್ಚಿಂತೆಯಿಂದ ಮುಗಿಸಿ, ಕೊನೆಗೆ ಅರ್ಧ ಪೇರಲಕ್ಕೆ ‘ಬೇಡಪ್ಪಾ, ಶುಗರ್ ಇದೆ’ ಎಂದು ಕೈ ಹಿಂದೆ ತೆಗೆಯುವವರನ್ನು ನೋಡಿದಾಗ ನಗಬೇಕೋ ಮರುಗಬೇಕೋ ತಿಳಿಯುವುದಿಲ್ಲ.

ಭಾಕರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಾಲಿಶ್ ಮಾಡಿದ ಅಕ್ಕಿಗಿಂತ ಅದು ವಾಸಿ. ಆದರೆ ಒಟ್ಟು ದೇಶದ ತಟ್ಟೆಯೇ ವಾಲಿದೆ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಅದೇ ಸಮೀಕ್ಷೆಯ 2025ರ ವರದಿಯ ಪ್ರಕಾರ ನಾವು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನದು. ಅದರಲ್ಲಿ ಶೇ 5ರಷ್ಟು ಕ್ಯಾಲೊರಿಯನ್ನು ಬೇಳೆಕಾಳಿನ ಅಥವಾ ಹಾಲು–ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟರೂ ಮಧುಮೇಹದ ಸಂಭವ ಕಡಿಮೆಯಿರುತ್ತದೆ ಎಂದು ಆ ವರದಿಯ ಲೆಕ್ಕ. ‘ಬಿಟ್ಟುಕೊಟ್ಟರೆ’ ಎಂಬುದನ್ನು ಗಮನಿಸಿ. ಎರಡು ಭಾಕರಿ ತಿಂದು ಅದರ ಮೇಲೊಂದು ಬಟ್ಟಲು ಹಣ್ಣು–ಮೊಸರು ಸುರಿದುಕೊಂಡರೆ ಯಾವ ಲಾಭವೂ ಇಲ್ಲ. ಒಂದು ಭಾಕರಿಯನ್ನು ಕೆಳಗಿಟ್ಟು ಆ ಜಾಗದಲ್ಲಿ ಬಟ್ಟಲನ್ನು ಕೂರಿಸಿದರೆ ಲೆಕ್ಕ ಬದಲಾಗುತ್ತದೆ. ಈ ಲೇಖನದಲ್ಲಿ ನನಗೆ ಹೇಳಲಿಕ್ಕಿರುವುದು ಹೆಚ್ಚುಕಮ್ಮಿ ಇಷ್ಟೇ. ಉಳಿದದ್ದು ಇದರ ವಿವರ.

ಇನ್ನು ‘ಎಷ್ಟು ಬೇಗ’. 1977ರಲ್ಲಿ ಬ್ರಿಸ್ಟಲ್‌ನ ವೈದ್ಯರು ಒಂದು ಸರಳ ಪ್ರಯೋಗ ಮಾಡಿದರು. ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಕಚ್ಚಿ ತಿನ್ನುವ ಹಣ್ಣು, ರುಬ್ಬಿದ ಹಣ್ಣು, ಸೋಸಿದ ರಸ. ಮೂರರಲ್ಲೂ ಕಾರ್ಬೋಹೈಡ್ರೇಟ್ ಸಮಸಮ. ಹಣ್ಣು ತಿನ್ನಲು ಹಿಡಿದ ಸಮಯದ ಹನ್ನೊಂದನೇ ಒಂದು ಭಾಗದಲ್ಲಿ ರಸ ಗಂಟಲಿಳಿದಿತ್ತು. ರಕ್ತದ ಸಕ್ಕರೆಯ ಏರಿಕೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ; ಆದರೆ ರಸ ಕುಡಿದವರಲ್ಲಿ ಇನ್ಸುಲಿನ್ ಹೆಚ್ಚು ಏರಿತು, ಆಮೇಲೆ ಸಕ್ಕರೆ ಧಡಕ್ಕನೆ ಇಳಿಯಿತು, ಹೊಟ್ಟೆ ತುಂಬಿದಂತೆಯೂ ಆಗಲಿಲ್ಲ. ಹತ್ತಾರು ವರ್ಷಗಳ ನಂತರ, 2013ರಲ್ಲಿ, ಹಾರ್ವರ್ಡ್‌ನವರು ಸುಮಾರು 1.87 ಲಕ್ಷ ಅಮೆರಿಕನ್ನರ ದೀರ್ಘಕಾಲದ ದಾಖಲೆ ತೆಗೆದು ನೋಡಿದಾಗಲೂ ಇದೇ ಜಾಡು ಸಿಕ್ಕಿತು: ಇಡೀ ಹಣ್ಣು, ಅದರಲ್ಲೂ ದ್ರಾಕ್ಷಿ ಮತ್ತು ಸೇಬು, ಹೆಚ್ಚು ತಿನ್ನುವವರಲ್ಲಿ ಮಧುಮೇಹ ಕಡಿಮೆ, ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಜಾಸ್ತಿ. ಜನರನ್ನು ಗಮನಿಸಿ ಬರೆದ ಲೆಕ್ಕವಿದು, ಕಾರಣವನ್ನು ಇದೊಂದೇ ಸಾಬೀತು ಮಾಡುವುದಿಲ್ಲ. ಆದರೂ ಹಣ್ಣು ಮತ್ತು ಹಣ್ಣಿನ ರಸ ಒಂದೇ ಅಲ್ಲ ಎನ್ನಲು ಇಷ್ಟು ಸಾಕು. ಗಾಡಿಯವನ ದಾಳಿಂಬೆ ಜ್ಯೂಸಿಗೆ ಮೂರು ಹಣ್ಣು ಹಿಂಡುತ್ತಾರೆ. ಮೂರು ದಾಳಿಂಬೆ ಬಿಡಿಸಿ ಕಾಳು ತಿನ್ನುವ ತಾಳ್ಮೆ ಯಾರಿಗಿದೆ?

ಗ್ಲೈಸಿಮಿಕ್ ಇಂಡೆಕ್ಸ್ ಎಂಬ ಪದ ಈಗ ವಾಟ್ಸ್ಆ್ಯಪ್ ಸಂದೇಶಗಳಲ್ಲೂ ಓಡಾಡುತ್ತದೆ. ಟೊರಾಂಟೊದ ಡೇವಿಡ್ ಜೆಂಕಿನ್ಸ್ 1981ರಲ್ಲಿ ಕೊಟ್ಟ ಅಳತೆ ಅದು. ಒಂದೇ ಪ್ರಮಾಣದ ಕಾರ್ಬೋಹೈಡ್ರೇಟ್ ತಿಂದಾಗ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂದು ಗ್ಲೂಕೋಸಿನ ಜೊತೆ ಹೋಲಿಸುವುದು, ಗ್ಲೂಕೋಸಿಗೆ 100. ಸೇಬಿಗೆ 36ರ ಹತ್ತಿರ, ಬಾಳೆಹಣ್ಣು, ಮಾವಿಗೆ 50ರ ಆಚೀಚೆ. ಹಳೆಯ ಪಟ್ಟಿಗಳಲ್ಲಿ ಕಲ್ಲಂಗಡಿಗೆ 70ರ ಮೇಲಿದೆ, ಅದನ್ನು ಓದಿ ಗಾಬರಿಯಾಗಿ ಕಲ್ಲಂಗಡಿ ಬಿಟ್ಟವರಿದ್ದಾರೆ. ಆದರೆ ಅದರಲ್ಲಿ ಹೆಚ್ಚಿನದು ನೀರು. ಒಂದು ಬಟ್ಟಲಲ್ಲಿ ಇರುವ ಸಕ್ಕರೆಯೇ ಸ್ವಲ್ಪ. ಸೀತಾಫಲದ ಕಥೆ ತಿರುಗುಮುರುಗು: ಇಂಡೆಕ್ಸ್ ಎಷ್ಟೇ ಇರಲಿ, ದೊಡ್ಡ ಹಣ್ಣೊಂದನ್ನು ಹಿಡಿದು ಕೂತರೆ 30 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತದೆ, ಒಂದಕ್ಕೆ ನಿಲ್ಲಿಸುವವರೂ ಕಡಿಮೆ. ಮಾಗಿದಷ್ಟೂ ಹಣ್ಣಿನ ಸ್ವಭಾವ ಬದಲಾಗುತ್ತದೆ ಎಂಬುದೂ ಪಟ್ಟಿಯಲ್ಲಿ ಕಾಣದು. ಸಿಪ್ಪೆಯಲ್ಲಿ ಹಸಿರು ಉಳಿದಿರುವ ಬಾಳೆಹಣ್ಣಿನಲ್ಲಿ ಸುಲಭಕ್ಕೆ ಜೀರ್ಣವಾಗದ ಪಿಷ್ಟ ಇನ್ನೂ ಇರುತ್ತದೆ, ಕಪ್ಪು ಚುಕ್ಕೆ ಬಿದ್ದ ಹಣ್ಣಿನಲ್ಲಿ ಅದೆಲ್ಲ ಸಕ್ಕರೆಯಾಗಿರುತ್ತದೆ.

ಇನ್ನು ಮೊಸರು. ಹಾಲಿಗೆ ಹೆಪ್ಪು ಹಾಕಿದ ರಾತ್ರಿಯಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನಲ್ಲಿ ಒಂದು ಪಾಲನ್ನು ತಿಂದು ಹುಳಿ ಮಾಡುತ್ತವೆ. ಉಳಿಯುವುದು 100 ಗ್ರಾಮಿಗೆ 4 ಗ್ರಾಂ ಆಸುಪಾಸು ಸಕ್ಕರೆ, 3ರಿಂದ 4 ಗ್ರಾಂ ಪ್ರೋಟೀನ್, ಹಾಲಿನ ಕೆನೆಗೆ ತಕ್ಕಷ್ಟು ಕೊಬ್ಬು. ಈ ಪ್ರೋಟೀನ್, ಕೊಬ್ಬು ಮತ್ತು ಹುಳಿ ಸೇರಿ ಹೊಟ್ಟೆ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ. ಹಾಲಿನ ಪ್ರೋಟೀನು ಇನ್ಸುಲಿನ್ನನ್ನೂ ಎಬ್ಬಿಸುತ್ತದೆ. ಹಾಗಾಗಿ ಜೊತೆಗೆ ತಿಂದ ಹಣ್ಣಿನ ಸಕ್ಕರೆ ಒಮ್ಮೆಗೇ ನುಗ್ಗದೆ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿರುವ ಹತ್ತಾರು ಬಗೆಯ ಮೊಸರುಗಳಲ್ಲಿ ಸಪ್ಪೆ ಮೊಸರಿನ ಸರಾಸರಿ ಗ್ಲೈಸಿಮಿಕ್ ಇಂಡೆಕ್ಸ್ 27, ಸಿಹಿ ಹಾಕಿದ್ದರದು 41.

ಮೊಸರಿನಲ್ಲಿ ಇನ್ನೊಂದಿದೆ, ಬಿ12. ಆ ಆರು ಹಳ್ಳಿಗಳ ಗರ್ಭಿಣಿಯರಲ್ಲಿ ಮೂವರಲ್ಲಿ ಇಬ್ಬರಿಗೆ ಇದರ ಕೊರತೆಯಿತ್ತು. 2008ರಲ್ಲಿ ಯಾಜ್ಞಿಕ್ ತಂಡ ಆ ಮಕ್ಕಳನ್ನು ಆರು ವರ್ಷದವರಿದ್ದಾಗ ನೋಡಿದ ಫಲಿತಾಂಶ ಪ್ರಕಟಿಸಿತು: ಗರ್ಭದ ಕಾಲದಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಮಾತ್ರ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲೇ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಹೆಚ್ಚು. ಇದೇ ತಂಡದ 2001ರ ಇನ್ನೊಂದು ವರದಿ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಕೂಸಿನ ಗಾತ್ರಕ್ಕೂ ತಾಯಿ ತಿಂದ ಒಟ್ಟು ಕ್ಯಾಲೊರಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ನಂಟು ಕಂಡದ್ದು ಹಾಲು–ಮೊಸರು, ಸೊಪ್ಪು, ಹಣ್ಣನ್ನು ಎಷ್ಟು ಸಲ ತಿಂದಳು ಎಂಬುದಕ್ಕೆ. ಹಾಲು ಕರೆಯುವ ಮನೆಯಲ್ಲೇ ಹಾಲಿನ ಕೊರತೆ ಎಂದರೆ ಹೊರಗಿನವರಿಗೆ ವಿಚಿತ್ರವೆನಿಸಬಹುದು. ಕ್ಯಾನು ಡೇರಿಗೆ ಹೋಗುತ್ತದೆ, ಕ್ರೇಟು ಪುಣೆಯ ಮಾರುಕಟ್ಟೆಗೆ ಹೋಗುತ್ತದೆ, ಮನೆಯಲ್ಲಿ ಉಳಿಯುವುದು ಚಹಾಕ್ಕಾಗುವಷ್ಟು. ಮನೆಯ ಹೆಣ್ಣುಮಕ್ಕಳ ಸರದಿ ಅದರಲ್ಲೂ ಕೊನೆಗೆ. ಮಂಡ್ಯದಲ್ಲೂ ಇದೇ, ಬೆಳಗಾವಿಯಲ್ಲೂ ಇದೇ.

ಹಾಗೆಂದು ಮೊಸರನ್ನು ಔಷಧಿಯ ಪಟ್ಟಕ್ಕೇರಿಸುವುದು ಬೇಡ. ವಾರಕ್ಕೆ ಎರಡು ಕಪ್ ಮೊಸರು ತಿಂದರೆ ಮಧುಮೇಹದ ಅಪಾಯ ತಗ್ಗಬಹುದು ಎಂದು ಡಬ್ಬಿಯ ಮೇಲೆ ಬರೆದುಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಪುರಾವೆ ಸೀಮಿತ ಎಂಬ ಮಾತನ್ನೂ ಜೊತೆಗೇ ಸೇರಿಸಬೇಕೆಂದಿತು. ಅನುಮತಿ ಕೇಳಿ ಅರ್ಜಿ ಹಾಕಿದ್ದು ಡಾನೋನ್, ಮೊಸರು ಮಾರುವ ಕಂಪನಿ. ಇತ್ತ ನಮ್ಮ ಚರಕ ಸಂಹಿತೆ ಪ್ರಮೇಹಕ್ಕೆ ಕಾರಣಗಳನ್ನು ಹೇಳುವಲ್ಲಿ ಮೊಸರನ್ನೇ ಹೆಸರಿಸುತ್ತದೆ! ಮನೆಯಲ್ಲಿ ಹಿರಿಯರು ‘ಶುಗರ್ ಇದ್ದವರಿಗೆ ಮೊಸರು ಬೇಡ’ ಎನ್ನುವುದು ಗಾಳಿಮಾತಲ್ಲ, ಅದಕ್ಕೆ ಅಷ್ಟು ಹಳೆಯ ಬೇರಿದೆ. ಆದರೆ ಆ ಪಟ್ಟಿಯನ್ನು ಪೂರ್ತಿ ಓದಬೇಕು. ಮೊಸರಿನ ಹಿಂದೆಯೇ ಹಾಯಾಗಿ ಕೂತಿರುವ ಸುಖ, ನಿದ್ದೆಯ ಸುಖ. ಮುಂದೆ ಮಾಂಸ, ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸು. ನನಗೆ ಕಾಣುವಂತೆ ಅದು ಉಂಡು ಕೂರುವ ಸಿರಿವಂತನ ದಿನಚರಿಯ ಚಿತ್ರ. ಎರಡು ಊಟದ ನಡುವೆ ಅರ್ಧ ಬಟ್ಟಲು ಮೊಸರು ತಿನ್ನುವವರನ್ನು ಕುರಿತ ಮಾತಲ್ಲ. ರಾತ್ರಿ ಮೊಸರು ಬೇಡ ಎಂಬ ಚರಕನ ಇನ್ನೊಂದು ಮಾತನ್ನು ಪಾಲಿಸುವವರು ಪಾಲಿಸಲಿ, ಹಗಲು ಬೇಕಾದಷ್ಟಿದೆ.

ಮೊಸರು ಮತ್ತು ಸಕ್ಕರೆ ಸೇರಿದರೆ ಏನಾಗುತ್ತದೆಂದು ಮರಾಠಿ ನೆಲಕ್ಕೆ ಕಲಿಸಬೇಕಾಗಿಲ್ಲ. ಯುಗಾದಿಯ ದಿನ, ಅಲ್ಲಿನ ಗುಡಿಪಾಡ್ವಾಕ್ಕೆ, ಪೂರಿ–ಶ್ರೀಖಂಡ ಆಗಲೇಬೇಕು. ನಮ್ಮ ಬೆಳಗಾವಿ, ಧಾರವಾಡದ ಮನೆಗಳಲ್ಲೂ ಅಷ್ಟೇ. ಗಟ್ಟಿ ಮೊಸರನ್ನು ತೆಳು ಪಂಚೆಯ ಬಟ್ಟೆಯಲ್ಲಿ ಕಟ್ಟಿ ನಲ್ಲಿಗೋ ಗೂಟಕ್ಕೋ ತೂಗುಹಾಕುತ್ತಾರೆ. ಮೊದಲ ಅರ್ಧ ಗಂಟೆ ತಿಳಿ ಹಳದಿ–ಹಸಿರು ನೀರು ಧಾರೆಯಾಗಿ ಸುರಿಯುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ನಾಲ್ಕೈದು ಗಂಟೆ ಬಿಟ್ಟು ಗಂಟು ಬಿಚ್ಚಿದರೆ ಬಟ್ಟೆಯ ನೂಲಿನ ಗುರುತು ಮೈಮೇಲೆ ಮೂಡಿಸಿಕೊಂಡ ಬಿಳಿ ಮುದ್ದೆ, ಚಕ್ಕಾ. ಇಲ್ಲಿಯವರೆಗೆ ನಡೆದದ್ದೆಲ್ಲ ಶುಗರ್ ಇರುವವರ ಪರವಾಗಿಯೇ ಇದೆ. ಸೋರಿದ ನೀರಿನ ಜೊತೆ ಲ್ಯಾಕ್ಟೋಸ್ ಹೋಯಿತು, ಉಳಿದ ಮುದ್ದೆಯಲ್ಲಿ ಪ್ರೋಟೀನ್ ಸಾಂದ್ರವಾಯಿತು. ಪೇಟೆಯಲ್ಲಿ ಗ್ರೀಕ್ ಯೋಗರ್ಟ್ ಎಂದು ದುಪ್ಪಟ್ಟು ಬೆಲೆಗೆ ಕೊಳ್ಳುವುದೂ ಬಹುಮಟ್ಟಿಗೆ ಇದನ್ನೇ. ಅನಾಹುತ ಆಗುವುದು ಮುಂದಿನ ಹೆಜ್ಜೆಯಲ್ಲಿ, ಚಕ್ಕಾದ ತೂಕಕ್ಕೆ ಹೆಚ್ಚುಕಮ್ಮಿ ಸಮನಾಗಿ ಸಕ್ಕರೆ ಬೀಳುವಾಗ. ನಮ್ಮ ಆಹಾರ ನಿಯಮಗಳು ಶ್ರೀಖಂಡದ ಒಣ ಅಂಶದಲ್ಲಿ ಸಕ್ಕರೆ ಶೇ 72.5 ಮೀರಬಾರದು ಎನ್ನುತ್ತವೆ. ಮಿತಿಯೇ ಅಷ್ಟು ಎತ್ತರದಲ್ಲಿದೆ.

ಹಾಗಾಗಿ ಸಕ್ಕರೆ ಬೀಳುವ ಮೊದಲೇ ಚಕ್ಕಾದ ಒಂದು ಪಾಲನ್ನು ಎತ್ತಿಟ್ಟುಕೊಳ್ಳಿ. ಅದಕ್ಕೆ ಚಿಟಿಕೆ ಏಲಕ್ಕಿ, ಒಂದು ಮುಷ್ಟಿ ದಾಳಿಂಬೆ ಕಾಳು, ಹೆಚ್ಚಿದ ಪೇರಲ. ಸಿಹಿ ಸಾಲದು ಎನಿಸಿದರೆ ಸೀತಾಫಲದ ಹತ್ತು ಹನ್ನೆರಡು ತೊಳೆ ಬೀಜ ತೆಗೆದು ಕಲಸಿ. ಸಕ್ಕರೆ ಹಾಕಿದಂತೆಯೇ ಆಗುತ್ತದೆ, ನಾರು ಬೋನಸ್ಸು. ಪುರಂದರದ ತಾಜಾ ಅಂಜೂರ ಸಿಕ್ಕರೆ ಒಂದು ಸಾಕು. ಒಣ ಅಂಜೂರ ಬೇರೆಯೇ ಮಾತು: 100 ಗ್ರಾಮಿಗೆ 60 ಗ್ರಾಂ ದಾಟಿದ ಕಾರ್ಬೋಹೈಡ್ರೇಟ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು ಎನ್ನುತ್ತದೆ. ಬಟ್ಟಲಿಗೆ ಅದೇ ಅಳತೆ ಸಾಕು. ಮೊಸರನ್ನಕ್ಕೆ ದಾಳಿಂಬೆ, ದ್ರಾಕ್ಷಿ ಉದುರಿಸುವ ನಮ್ಮ ಪದ್ಧತಿ ಚೆಂದವೇ. ಆದರೆ ಅಲ್ಲಿ ಸಕ್ಕರೆ ಏರಿಸುವುದು ದಾಳಿಂಬೆಯಲ್ಲ, ಅನ್ನ. ಅನ್ನ ಎರಡು ಚಮಚಕ್ಕೆ ಇಳಿಸಿ, ತುರಿದ ಸೌತೆಕಾಯಿ ಸೇರಿಸಿ ನೋಡಿ.

ತಿನ್ನುವ ಸರದಿಯೂ ಲೆಕ್ಕಕ್ಕೆ ಬರುತ್ತದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಲ್ಪನಾ ಶುಕ್ಲಾ ಮತ್ತವರ ಸಂಗಡಿಗರು 2015ರಲ್ಲಿ ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಬಡಿಸಿದರು. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಬ್ರೆಡ್, ಕಿತ್ತಳೆ ರಸವನ್ನು ಕೊನೆಗಿಟ್ಟಾಗ ಒಂದು ಗಂಟೆಯ ನಂತರದ ಸಕ್ಕರೆ ಶೇ 37ರಷ್ಟು ಕಡಿಮೆಯಿತ್ತು. ಹನ್ನೊಂದೇ ಜನರ ಮೇಲೆ ಮಾಡಿದ ಸಣ್ಣ ಪ್ರಯೋಗ, ಆದರೆ ಮನೆಯಲ್ಲಿ ಖರ್ಚಿಲ್ಲದೆ ಮಾಡಿ ನೋಡಬಹುದಾದದ್ದು. ಕೋಸಂಬರಿಯಿಂದ ಊಟ ಶುರು ಮಾಡುವ ನಮ್ಮ ಎಲೆಯ ಕ್ರಮಕ್ಕೆ ಇದು ದೂರವೇನಲ್ಲ. ಬಟ್ಟಲಿನ ವಿಷಯದಲ್ಲೂ ಹಾಗೆಯೇ: ನಾಲ್ಕು ಚಮಚ ಮೊಸರು ಮೊದಲು, ಹಣ್ಣು ಆಮೇಲೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಬರೀ ಬಾಳೆಹಣ್ಣು ತಿನ್ನುವುದಕ್ಕಿಂತ ಸಂಜೆ ಐದರ ಚಹಾ–ಬಿಸ್ಕತ್ತಿನ ಜಾಗಕ್ಕೆ ಈ ಬಟ್ಟಲು ಹೊಂದುತ್ತದೆ. ಅಲ್ಲಿ ಅದು ಹೊರಹಾಕುವುದು ಮೈದಾ ಮತ್ತು ಸಕ್ಕರೆಯನ್ನು.

ಇಷ್ಟಾದ ಮೇಲೂ ನಿಮ್ಮ ಮೈ ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳಬೇಕಾದ್ದು ನಿಮ್ಮ ಗ್ಲೂಕೋಮೀಟರೇ. ಹಣ್ಣು ತಿನ್ನುವ ಮೊದಲು ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಬೆರಳು ಚುಚ್ಚಿ ಬರೆದಿಡಿ. ಇನ್ನೊಂದು ದಿನ ಅದೇ ಹಣ್ಣು, ಅಷ್ಟೇ ತೂಕ, ಮೊಸರಿನ ಜೊತೆ. ಎರಡು ಗಂಟೆಯ ಅಂಕಿ 180ರ ಒಳಗಿದ್ದರೆ ಆ ಬಟ್ಟಲು ನಿಮಗೆ ಒಗ್ಗಿತೆಂದು ತಿಳಿಯಿರಿ. ದಾಟಿದರೆ ಹಣ್ಣು ಅರ್ಧಕ್ಕಿಳಿಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಸಾಲದು. ದಾಳಿಂಬೆ, ಬಾಳೆಹಣ್ಣು, ಮೊಸರು ಎಲ್ಲದರಲ್ಲೂ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳಿಯೇ ಪ್ರಮಾಣ ಗೊತ್ತುಮಾಡಬೇಕು. ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಬಿ12 ಕುಸಿಯುವುದುಂಟು. ಮೊಸರು ತಿನ್ನುತ್ತೇನಲ್ಲ ಎಂದು ಸುಮ್ಮನಿರದೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈ ಬಟ್ಟಲು ಕೈಕೊಡುವ ಒಂದು ಸಂದರ್ಭವೂ ಇದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಆಗ ‘ಹಣ್ಣು–ಮೊಸರು ಕೊಡಿ, ಅದೇ ಒಳ್ಳೆಯದು’ ಎಂದು ಮನೆಯವರು ಓಡಿದರೆ ತಪ್ಪಾಗುತ್ತದೆ. ಸಕ್ಕರೆಯನ್ನು ನಿಧಾನ ಮಾಡುವ ಅದೇ ಗುಣ ಆಗ ಅಡ್ಡಿ. ಬೇಕಾದದ್ದು ಬೇಗ ಏರುವ 15 ಗ್ರಾಂ ಸಕ್ಕರೆ: ಮೂರು ಚಮಚ ಸಕ್ಕರೆ ಕದಡಿದ ನೀರು, ಇಲ್ಲವೇ ಅರ್ಧ ಲೋಟ ಮೂಸಂಬಿ ರಸ. 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಇನ್ನೂ 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ದಾಟಿದ ಮೇಲೆ, ಮುಂದಿನ ಊಟಕ್ಕೆ ಇನ್ನೂ ಹೊತ್ತಿದ್ದರೆ, ಹಣ್ಣು–ಮೊಸರಿನ ಬಟ್ಟಲು ತರಬಹುದು.